ತೂತು ಮುಚ್ಚುವ ಮುನ್ನ

ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರ ಜಠರದ ಹೊಲಿಗೆ ಸೋರುತ್ತಿದೆ ಎಂದು ಗೊತ್ತಾದ ಕೂಡಲೇ ಎಲ್ಲರ ಕಣ್ಣು ತೂತಿನ ಮೇಲೆ ಬೀಳುತ್ತದೆ. ಎಷ್ಟು ದೊಡ್ಡದು, ಎಲ್ಲಿದೆ, ಯಾವುದರಿಂದ ಮುಚ್ಚುವುದು? ಮನೆಯವರು ಕೇಳುವುದೂ ಇದನ್ನೇ, ಈ ಕೆಲಸಕ್ಕೆ ಹೊಸದಾಗಿ ಬಂದ ವೈದ್ಯರು ಯೋಚಿಸುವುದೂ ಇದನ್ನೇ. ಪಳಗಿದ ಕೈ ಮೊದಲು ಹುಡುಕುವುದು ಬೇರೆ ಎರಡು ಸಂಗತಿಗಳನ್ನು. ತೂತಿನ ಆಚೆ ಕೀವು ನಿಂತಿದೆಯೇ? ತೂತಿನ ಕೆಳಗೆ ದಾರಿ ಇಕ್ಕಟ್ಟಾಗಿದೆಯೇ? ಇವೆರಡನ್ನು ಸರಿಪಡಿಸಿದರೆ ತೂತು ಬಹುಪಾಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಒಂದನ್ನು ಬಿಟ್ಟರೂ ಎಂಥ ಕ್ಲಿಪ್ ಹಾಕಿದರೂ, ಎಂಥ ಅಂಟು ಸುರಿದರೂ ನಿಲ್ಲುವುದಿಲ್ಲ. ಕಾಲುವೆಯ ಕೆಳಗಡೆ ಕಸ ಕಟ್ಟಿಕೊಂಡಿರುವಾಗ ಮೇಲಿನ ಬದುವಿಗೆ ಎಷ್ಟು ಮಣ್ಣು ಮೆತ್ತಿದರೂ ನೀರು ಒಡೆದುಕೊಂಡೇ ಹೋಗುತ್ತದಲ್ಲ, ಹಾಗೆ.

ಈ ಮಾತು ಹೆಚ್ಚು ಅನ್ವಯಿಸುವುದು ಸ್ಲೀವ್ ಗ್ಯಾಸ್ಟ್ರೆಕ್ಟಮಿಗೆ. ಅದರಲ್ಲಿ ಜಠರದ ಮುಕ್ಕಾಲು ಭಾಗವನ್ನು ಉದ್ದಕ್ಕೆ ಕತ್ತರಿಸಿ ತೆಗೆದು, ಉಳಿದದ್ದನ್ನು ಸಣ್ಣ ಕೊಳವೆಯಾಗಿ ಸ್ಟೇಪಲ್ ಮಾಡುತ್ತಾರೆ. ಕೊಳವೆಯ ಅಗಲ ಅಳೆಯಲು ಬಾಯಿಂದ ಇಳಿಸುವ ಬೂಜಿ ಎಂಬ ಅಳತೆಯ ನಳಿಕೆ ಸಾಮಾನ್ಯವಾಗಿ 36ರಿಂದ 40 ಫ್ರೆಂಚ್. ಮೂರು ಫ್ರೆಂಚ್‌ಗೆ ಒಂದು ಮಿಲಿಮೀಟರ್, ಅಂದರೆ 12–13 ಮಿ.ಮೀ. ಕೊಳವೆಯ ಕೆಳತುದಿಯಲ್ಲಿ ಪೈಲೋರಸ್ ಎಂಬ ಸ್ನಾಯುಬಾಗಿಲು ಹಾಗೇ ಇರುತ್ತದೆ. ಮೇಲೆ ಅನ್ನನಾಳದ ಬಿಗಿಯಾದ ತುದಿ, ಕೆಳಗೆ ಪೈಲೋರಸ್, ನಡುವೆ ಹಿಗ್ಗಲಾರದ ಸಣ್ಣ ಕೊಳವೆ. ಒತ್ತಡ ಏರಲು ಇದಕ್ಕಿಂತ ಅನುಕೂಲದ ಜಾಗ ಬೇರೆ ಬೇಕಿಲ್ಲ. ಸ್ಟೇಪಲ್ ಸಾಲಿನ ಮೇಲ್ತುದಿ, ಅನ್ನನಾಳ ಜಠರವನ್ನು ಸೇರುವ ಮೂಲೆ, ರಕ್ತ ಸಂಚಾರ ಕಡಿಮೆಯಿರುವ ತೆಳು ಜಾಗ. ಸೋರಿಕೆಗಳಲ್ಲಿ ಬಹುಪಾಲು ಆಗುವುದು ಅಲ್ಲೇ.

ಗ್ಯಾಸ್ಟ್ರಿಕ್ ಬೈಪಾಸ್ ಎಂಬ ಇನ್ನೊಂದು ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಲೆಕ್ಕ ಬೇರೆ. ಅಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲವನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸಿರುತ್ತಾರೆ, ನಡುವೆ ಪೈಲೋರಸ್ ಇರುವುದಿಲ್ಲ. ಒತ್ತಡ ಕಡಿಮೆಯಾದ್ದರಿಂದ ಸೋರಿದರೂ ಬೇಗ ಮಾಯುತ್ತದೆ. ಆದ್ದರಿಂದ ಸ್ಕೋಪ್, ಅಂದರೆ ಬಾಯಿಂದ ಇಳಿಸುವ ಕ್ಯಾಮೆರಾದ ಎಂಡೋಸ್ಕೋಪ್, ಕೈಗೆತ್ತಿಕೊಳ್ಳುವ ಮೊದಲು ಶಸ್ತ್ರಚಿಕಿತ್ಸೆಯ ಟಿಪ್ಪಣಿ ಓದಬೇಕು. ಯಾವ ವಿಧಾನ, ಎಷ್ಟು ಅಗಲದ ಬೂಜಿ, ಬೈಪಾಸ್‌ಗಾಗಿ ಬೇರ್ಪಡಿಸಿ ಜೋಡಿಸಿದ ಕರುಳಿನ ಯಾವ ತೋಳು ಎಷ್ಟು ಉದ್ದ, ಚೀಲದ ಸುತ್ತ ಉಂಗುರ ಹಾಕಿದ್ದಾರೆಯೇ, ಕೀವು ಬಸಿಯುವ ನಳಿಕೆಯಾದ ಡ್ರೇನ್ ಎಲ್ಲಿದೆ? ಟಿಪ್ಪಣಿ ಸಿಗದಿದ್ದರೆ ಸಿ.ಟಿ. ಸ್ಕ್ಯಾನ್ ಮುಂದಿಟ್ಟುಕೊಂಡಾದರೂ ನಕ್ಷೆ ಮನದಟ್ಟು ಮಾಡಿಕೊಳ್ಳಬೇಕು. ನಕ್ಷೆ ಗೊತ್ತಿಲ್ಲದೆ ಒಳಗೆ ಹೋದವರು ಕುರುಡು ತುದಿಯೊಂದನ್ನು ಮುಖ್ಯ ದಾರಿಯೆಂದು ತಿಳಿದು ತಳ್ಳುವುದುಂಟು.

ಸೋರಿಕೆಯ ಮೊದಲ ಸುಳಿವು ನಾಡಿ. ಜ್ವರ, ಹೊಟ್ಟೆನೋವು, ಎಡ ಭುಜದ ನೋವು ಆಮೇಲೆ ಬರಬಹುದು, ಬಾರದೆಯೂ ಇರಬಹುದು. ಶಸ್ತ್ರಚಿಕಿತ್ಸೆಯ ನಂತರ ನಾಡಿ ನಿಮಿಷಕ್ಕೆ 120 ದಾಟಿ ಇಳಿಯದೆ ನಿಂತರೆ ಬೇರೆ ಕಾರಣ ಸಾಬೀತಾಗುವ ತನಕ ಅದನ್ನು ಸೋರಿಕೆ ಎಂದೇ ನೋಡಬೇಕು. ದಪ್ಪ ದೇಹದಲ್ಲಿ ಹೊಟ್ಟೆ ಮುಟ್ಟಿ ನೋಡಿದರೆ ಏನೂ ತಿಳಿಯದು. ಚಿತ್ರದಲ್ಲಿ ಎದ್ದು ಕಾಣುವ, ನೀರಿನಲ್ಲಿ ಕರಗುವ ಕಾಂಟ್ರಾಸ್ಟ್ ದ್ರವ ಕುಡಿಸಿ ಸಿ.ಟಿ. ತೆಗೆಯುತ್ತಾರೆ, ಬೇರಿಯಂ ಹೊರಚೆಲ್ಲಿದರೆ ಒಳಗೆ ಕೆರಳಿಕೆ ಉಂಟುಮಾಡುವುದರಿಂದ ಅದು ಬೇಡ. ಸ್ಕ್ಯಾನ್ ಶುಭ್ರವಾಗಿದೆ ಎಂದ ಮಾತ್ರಕ್ಕೆ ಸೋರಿಕೆ ಇಲ್ಲವೆಂದಲ್ಲ. ನಾಡಿ ಒಂದು ಹೇಳಿ ಚಿತ್ರ ಇನ್ನೊಂದು ಹೇಳಿದರೆ ನಾಡಿಯ ಮಾತು ಕೇಳುವುದೇ ಲೇಸು.

ಕಾಲಕ್ಕೆ ತಕ್ಕಂತೆ ಚಿಕಿತ್ಸೆ ಬದಲಾಗುತ್ತದೆ. 2012ರಲ್ಲಿ ಪ್ರಕಟವಾದ ಸ್ಲೀವ್ ತಜ್ಞರ ಒಮ್ಮತದ ಹೇಳಿಕೆ ಸೋರಿಕೆಯನ್ನು ಹೀಗೆ ವಿಂಗಡಿಸಿತು: ಮೊದಲ ಏಳು ದಿನದೊಳಗಿನದು ತೀವ್ರ, ಒಂದರಿಂದ ಆರು ವಾರದ್ದು ಬೇಗಿನದು, ಆರರಿಂದ ಹನ್ನೆರಡು ವಾರದ್ದು ತಡವಾದದ್ದು, ಹನ್ನೆರಡು ವಾರ ದಾಟಿದ್ದು ದೀರ್ಘಕಾಲದ್ದು. ಇದನ್ನು ಬಾಯಿಪಾಠ ಮಾಡಬೇಕೆಂದು ಹೇಳುತ್ತಿಲ್ಲ. ಮೊದಲ ವಾರದ ಅಂಗಾಂಶ ಮೆತ್ತಗೆ, ಊದಿಕೊಂಡು, ಮುಟ್ಟಿದರೆ ಹರಿಯುವಂತಿರುತ್ತದೆ. ಮೂರು ತಿಂಗಳ ಮೇಲೆ ಅದೇ ಜಾಗ ಗಡುಸು ಕಲೆಯಾಗಿ, ತೂತಿನ ಅಂಚಿಗೆ ಲೋಳೆಪೊರೆ ಬೆಳೆದುಬಿಟ್ಟಿರುತ್ತದೆ. ಮೊದಲನೆಯದರಲ್ಲಿ ಕೆಲಸ ಮಾಡುವ ಸಾಧನ ಎರಡನೆಯದರಲ್ಲಿ ಮಾಡುವುದಿಲ್ಲ.

ರೋಗಿಯ ರಕ್ತದೊತ್ತಡ ಕುಸಿದಿದ್ದರೆ, ಸೋಂಕು ಮೈಗೆಲ್ಲ ಹರಡಿದ್ದರೆ ಎಂಡೋಸ್ಕೋಪಿಗೆ ಅಲ್ಲಿ ಜಾಗವಿಲ್ಲ. ಶಸ್ತ್ರಚಿಕಿತ್ಸೆ ಮಾಡಿ ಹೊಟ್ಟೆ ತೊಳೆದು ಡ್ರೇನ್ ಇಡಬೇಕು. ಸ್ಥಿತಿ ಹಿಡಿತದಲ್ಲಿದ್ದರೆ ಮಾತ್ರ ಮುಂದಿನ ಮಾತು. ಬಾಯಿಗೆ ಏನೂ ಇಲ್ಲ, ಆ್ಯಂಟಿಬಯೋಟಿಕ್, ಬೇಕಾದರೆ ಶಿಲೀಂಧ್ರದ ಔಷಧ, ಆಮ್ಲ ತಗ್ಗಿಸುವ ಔಷಧ, ಮೂಗಿನಿಂದ ಸಣ್ಣ ಕರುಳಿಗೆ ಇಳಿಸಿದ ಆಹಾರದ ನಳಿಕೆ. ಸ್ಕೋಪ್ ಹಾಕುವಾಗ ಉಸಿರಾಟದ ಕೊಳವೆ ಸಮೇತ ಪೂರ್ತಿ ಅರಿವಳಿಕೆ, ಪಕ್ಕದಲ್ಲಿ ಎಕ್ಸ್-ರೇ ಯಂತ್ರ, ಊದಲು ಗಾಳಿಯ ಬದಲು ಇಂಗಾಲದ ಡೈಆಕ್ಸೈಡ್. ಕೊನೆಯದನ್ನು ಸಣ್ಣ ವಿವರವೆಂದು ಕಡೆಗಣಿಸಬಾರದು. ತೂತಿರುವ ಜಠರಕ್ಕೆ ಗಾಳಿ ಊದಿದರೆ ಅದು ಹೊಟ್ಟೆಯ ಕುಹರಕ್ಕೋ ಎದೆಗೂಡಿಗೋ ನುಗ್ಗಿ, ಮೇಜಿನ ಮೇಲೆಯೇ ಉಸಿರಾಟ, ರಕ್ತದೊತ್ತಡ ಎರಡೂ ಕೆಡಬಹುದು. ಇಂಗಾಲದ ಡೈಆಕ್ಸೈಡ್ ಬೇಗ ಹೀರಿಹೋಗುತ್ತದೆ. ಆದರೂ ಊದುವುದು ಮಿತವಾಗಿರಲಿ.

ಮೊದಲು ಬಂದ ಸಾಧನ ಸ್ಟೆಂಟ್. ಲೋಹದ ಜಾಲರಿಗೆ ಪೊರೆ ಹೊದಿಸಿ, ಅನ್ನನಾಳದಿಂದ ಸ್ಲೀವ್ ಒಳಕ್ಕೆ ಇಳಿಸಿದರೆ ತೂತಿನ ಮುಂದೆ ಗೋಡೆಯಾಗುತ್ತದೆ, ಕೆಳಗಿನ ಇಕ್ಕಟ್ಟನ್ನೂ ಅಗಲಿಸುತ್ತದೆ. ಅನ್ನನಾಳಕ್ಕೆಂದು ಮಾಡಿದ ಗಿಡ್ಡ ಸ್ಟೆಂಟ್ ಸ್ಲೀವ್‌ಗೆ ಸಾಲದು. ಅದು ಜಠರದ ಬಾಗಿನ ಮೇಲೆಯೇ ಮುಗಿದು, ಇಕ್ಕಟ್ಟು ಹಾಗೇ ಉಳಿಯುತ್ತದೆ. ಅದಕ್ಕೇ 18ರಿಂದ 24 ಸೆಂ.ಮೀ. ಉದ್ದದ, ಬಾಗುವ ಸ್ಟೆಂಟ್‌ಗಳು ಬಂದವು. ನಾಲ್ಕರಿಂದ ಆರು ವಾರ ಇಟ್ಟು ತೆಗೆಯುತ್ತಾರೆ. ಕಾಗದದ ಮೇಲೆ ಅಂದವಾಗಿದೆ. ಮೈಯೊಳಗೆ ಕಷ್ಟ ಕೊಡುತ್ತದೆ: ಮೊದಲ ದಿನಗಳಲ್ಲಿ ಎದೆನೋವು, ಓಕರಿಕೆ, ಬಾಯಲ್ಲಿ ನೀರೂರುವಿಕೆ, ಕೆಲವರಿಗೆ ತಡೆಯಲಾರದಷ್ಟು. ಪೂರ್ತಿ ಹೊದಿಕೆಯ ಸ್ಟೆಂಟ್ ಗೋಡೆಗೆ ಹಿಡಿದುಕೊಳ್ಳದೆ ಕೆಳಗೆ ಜಾರುತ್ತದೆ, ಇದು ಅಪರೂಪವೇನಲ್ಲ. ಮೇಲ್ತುದಿಯನ್ನು ಒಳಗಿನಿಂದ ಹೊಲಿದರೆ ಅಥವಾ ದೊಡ್ಡ ಕ್ಲಿಪ್‌ನಿಂದ ಹಿಡಿಸಿದರೆ ಜಾರುವುದು ಕಡಿಮೆಯಾಗುತ್ತದೆ, ನಿಂತುಹೋಗುವುದಿಲ್ಲ. ತುದಿಗಳಲ್ಲಿ ಹೊದಿಕೆ ಇಲ್ಲದ ಸ್ಟೆಂಟ್ ಜಾರುವುದು ಕಡಿಮೆ. ಆದರೆ ಜಾಲರಿಯೊಳಕ್ಕೆ ಮಾಂಸ ಬೆಳೆದು ಕೀಳಲು ಬಾರದಂತಾಗುತ್ತದೆ. ಆಗ ಅದೇ ಅಳತೆಯ ಪೂರ್ತಿ ಹೊದಿಕೆಯ ಇನ್ನೊಂದು ಸ್ಟೆಂಟನ್ನು ಅದರೊಳಗೆ ಕೂರಿಸಿ, ಒಂದೆರಡು ವಾರ ಬಿಟ್ಟು, ಒತ್ತಡಕ್ಕೆ ಆ ಮಾಂಸ ಸತ್ತ ಮೇಲೆ ಎರಡನ್ನೂ ಒಟ್ಟಿಗೆ ಎಳೆಯಬೇಕು. ಬಲವಂತವಾಗಿ ಕಿತ್ತರೆ ಅನ್ನನಾಳವೇ ಸೀಳುತ್ತದೆ. ಕೆಳತುದಿ ಒತ್ತಿದ ಕಡೆ ಹುಣ್ಣಾಗಿ ರಕ್ತ ಸುರಿಯುವುದು ಇನ್ನೊಂದು ಅಪಾಯ, ಇಟ್ಟ ದಿನಗಳು ಹೆಚ್ಚಿದಂತೆಲ್ಲ ಅದೂ ಹೆಚ್ಚುತ್ತದೆ.

ಸ್ಟೆಂಟ್‌ನ ಮೂಲ ತೊಡಕು ಇವುಗಳಿಗಿಂತ ಆಳದ್ದು. ಅದು ಬಾಗಿಲು ಮುಚ್ಚುತ್ತದೆ. ಆಚೆ ಕೀವು ತುಂಬಿದ ಗುಹೆಯಿದ್ದು, ಹೊರಗಿನಿಂದ ಡ್ರೇನ್ ಇಲ್ಲದಿದ್ದರೆ, ಕೀವನ್ನು ಒಳಗೆ ಕೂಡಿಹಾಕಿದಂತಾಯಿತು.

ಒಳಮುಖ ಡ್ರೇನೇಜ್ ಈ ಯೋಚನೆಯನ್ನೇ ತಿರುಗಿಸಿತು. ಮುಚ್ಚುವ ಬದಲು ತೂತನ್ನು ದಾರಿಯಾಗಿ ಬಳಸಿಕೊಳ್ಳೋಣ ಎಂಬುದು ಅದರ ಲೆಕ್ಕ. ತೂತಿನ ಮೂಲಕ ದಾರಿ ತೋರುವ ತಂತಿಯಾದ ಗೈಡ್‌ವೈರ್ ಕೀವಿನ ಗುಹೆಯೊಳಕ್ಕೆ ಹಾಕಿ, ಕಾಂಟ್ರಾಸ್ಟ್ ಬಿಟ್ಟು ಗುಹೆಯ ಆಕಾರ ನೋಡಿಕೊಂಡು, 7 ಅಥವಾ 10 ಫ್ರೆಂಚ್ ದಪ್ಪದ, ಮೂರರಿಂದ ಐದು ಸೆಂ.ಮೀ. ಉದ್ದದ, ಎರಡೂ ತುದಿ ಸುರುಳಿಯಾದ ಪ್ಲಾಸ್ಟಿಕ್ ನಳಿಕೆ ಕೂರಿಸುತ್ತಾರೆ. ಇದನ್ನು ಡಬಲ್ ಪಿಗ್‌ಟೇಲ್ ಎನ್ನುತ್ತಾರೆ. ಒಂದು ಸುರುಳಿ ಗುಹೆಯಲ್ಲಿ, ಇನ್ನೊಂದು ಜಠರದಲ್ಲಿ. ತೂತು ದೊಡ್ಡದಾಗಿದ್ದರೆ ಎರಡು ನಳಿಕೆ. ಕೀವು ಜಠರದೊಳಕ್ಕೆ ಬಸಿಯುತ್ತದೆ. ಪ್ಲಾಸ್ಟಿಕ್ ಕೂತ ಜಾಗದಲ್ಲಿ ಹೊಸ ಮಾಂಸ ಚಿಗುರಿ ಗುಹೆ ನಿಧಾನವಾಗಿ ಹೂಳುತ್ತದೆ. ನಾಲ್ಕರಿಂದ ಆರು ವಾರಕ್ಕೊಮ್ಮೆ ನೋಡಿ ಬದಲಿಸಬೇಕು ಅಥವಾ ತೆಗೆಯಬೇಕು. ಸ್ಟೆಂಟ್‌ಗೆ ಹೋಲಿಸಿದರೆ ರೋಗಿಗೆ ಇದು ಇದೆಯೆಂದೇ ತಿಳಿಯುವುದಿಲ್ಲ, ಬಾಯಿಂದ ಆಹಾರವನ್ನೂ ಬೇಗ ಶುರುಮಾಡಬಹುದು.

ಇಲ್ಲಿ ಬಹಳ ಜನ ಎಡವುವುದು ಹೊರಗಿನ ಡ್ರೇನ್ ವಿಷಯದಲ್ಲಿ. ಹೊಟ್ಟೆಯ ಚರ್ಮದ ಮೂಲಕ ಹಾಕಿದ ಡ್ರೇನ್ ತೂತಿನ ಬಾಯಿಗೆ ತಾಗಿಕೊಂಡೇ ಇದ್ದರೆ ಜಠರದ ರಸ ಸುಲಭದ ದಾರಿಯಾದ ಹೊರಗಡೆಗೇ ಹರಿಯುತ್ತದೆ, ಪಿಗ್‌ಟೇಲ್ ನೆಪಕ್ಕೆ ಉಳಿಯುತ್ತದೆ. ತಿಂಗಳುಗಟ್ಟಲೆ ಮುಚ್ಚದ ಸೋರಿಕೆಗಳಲ್ಲಿ ಎಷ್ಟೋ ಸಲ ತಪ್ಪಿತಸ್ಥ ಈ ಡ್ರೇನೇ. ಒಳಗಿನ ನಳಿಕೆ ಕೆಲಸ ಮಾಡುತ್ತಿದೆ, ಜ್ವರವಿಲ್ಲ ಎಂದು ಖಾತ್ರಿಯಾದ ಮೇಲೆ ಹೊರಗಿನದನ್ನು ಕೆಲವು ದಿನಗಳ ಅಂತರದಲ್ಲಿ ಒಂದಿಷ್ಟಿಷ್ಟೇ ಹಿಂದಕ್ಕೆಳೆಯುತ್ತ ತೆಗೆಯಬೇಕು. ಪಿಗ್‌ಟೇಲ್‌ಗೂ ಅಪಾಯವಿಲ್ಲದಿಲ್ಲ: ಗುಹೆ ಕುಗ್ಗಿದಂತೆ ಸುರುಳಿ ಪಕ್ಕದ ಅಂಗಕ್ಕೆ ಒತ್ತಬಹುದು, ಗುಲ್ಮ ಹತ್ತಿರವೇ ಇದೆ. ಹಾಕಿದ ದಿನಾಂಕ, ತೆಗೆಯುವ ದಿನಾಂಕ ಎರಡನ್ನೂ ಬರೆದು ರೋಗಿಯ ಕೈಗೆ ಕೊಡದೆ ಮನೆಗೆ ಕಳಿಸಬಾರದು.

ಗುಹೆಯ ಗೋಡೆ ಗಟ್ಟಿಯಾಗಿ, ಜಠರಕ್ಕೂ ಗುಹೆಗೂ ನಡುವೆ ಕಲೆಯ ಪರದೆ ಬೆಳೆದುಬಿಟ್ಟಿದ್ದರೆ ಪಿಗ್‌ಟೇಲ್ ಸಾಕಾಗದು. ಗುಹೆಯ ತಳ ತೂತಿಗಿಂತ ಕೆಳಗಿದ್ದು, ನುಂಗಿದ್ದು ಅಲ್ಲೇ ನಿಲ್ಲುತ್ತದೆ. ಆಗಿನ ಉಪಾಯ ಸೆಪ್ಟೋಟಮಿ. ಆ ಪರದೆಯನ್ನೇ ಸೂಜಿಚಾಕು ಅಥವಾ ಆರ್ಗಾನ್ ಪ್ಲಾಸ್ಮಾದಿಂದ (ಆರ್ಗಾನ್ ಅನಿಲದ ಮೂಲಕ ವಿದ್ಯುತ್ ಹರಿಸಿ ಸುಡುವ ಸಾಧನ) ಮೇಲಿನಿಂದ ಕೆಳಕ್ಕೆ ಗುಹೆಯ ತಳದವರೆಗೆ ಸೀಳುತ್ತಾರೆ. ಗುಹೆ ಹಾಗೂ ಜಠರ ಒಂದೇ ಕೋಣೆಯಾಗಿ, ಕೀವು ನಿಲ್ಲಲು ಜಾಗವೇ ಇರುವುದಿಲ್ಲ. ದಾರಿಯಲ್ಲಿ ಸಿಗುವ ಸ್ಟೇಪಲ್ ಚೂರುಗಳನ್ನು ಕಿತ್ತು ತೆಗೆಯಬೇಕು. ಸೀಳಿದ ಮೇಲೆ ಕೆಳಗಿನ ಇಕ್ಕಟ್ಟನ್ನು 30 ಮಿ.ಮೀ. ಬಲೂನಿನಿಂದ ಅಗಲಿಸುವುದು ಇದರ ಅರ್ಧ ಭಾಗ. ಅದನ್ನು ಬಿಟ್ಟು ಬರೀ ಸೀಳಿದರೆ ಫಲ ಅರ್ಧವೂ ಸಿಗದು. ಎರಡು ಮೂರು ಸಲ ಮಾಡಬೇಕಾಗಬಹುದು. ತೂತನ್ನು ಗುಣಪಡಿಸಲು ತೂತನ್ನೇ ದೊಡ್ಡದು ಮಾಡುವುದು ಎಂದರೆ ಕೇಳಿದವರು ಬೆಚ್ಚುತ್ತಾರೆ. ಆದರೆ ಮೊದಲು ಹೇಳಿದ ತತ್ವವನ್ನು ಒಪ್ಪಿದವರಿಗೆ ಇದು ಸಹಜವಾಗಿಯೇ ಕಾಣುತ್ತದೆ.

ನಿರ್ವಾತ ಚಿಕಿತ್ಸೆ ಇನ್ನೊಂದು ದಾರಿ. ತೆರೆದ ರಂಧ್ರಗಳ ಪಾಲಿಯುರೆಥೇನ್ ಸ್ಪಂಜನ್ನು ಗುಹೆಗಿಂತ ಸ್ವಲ್ಪ ಚಿಕ್ಕದಾಗಿ ಕತ್ತರಿಸಿ, ಮೂಗಿನ ನಳಿಕೆಯ ತುದಿಗೆ ದಾರದಿಂದ ಬಿಗಿದು, ಸ್ಕೋಪ್‌ನ ಪಕ್ಕದಲ್ಲೇ ಇಕ್ಕಳದಿಂದ ಹಿಡಿದು ಗುಹೆಯೊಳಗೆ ಕೂರಿಸುತ್ತಾರೆ. ನಳಿಕೆಯ ಇನ್ನೊಂದು ತುದಿಯನ್ನು ಮೂಗಿನಿಂದ ಹೊರತಂದು ಹೀರುಯಂತ್ರಕ್ಕೆ ಜೋಡಿಸಿ, ಸಾಮಾನ್ಯವಾಗಿ 125 ಮಿ.ಮೀ. ಪಾದರಸದಷ್ಟು ಋಣ ಒತ್ತಡವನ್ನು ಬಿಡದೆ ಕೊಡುತ್ತಾರೆ. ಕೊಳಕು ಹೊರಬರುತ್ತದೆ, ಗೋಡೆಗೆ ರಕ್ತ ಸಂಚಾರ ಹೆಚ್ಚುತ್ತದೆ, ಗುಹೆ ಕುಗ್ಗುತ್ತದೆ. ಮೂರರಿಂದ ಐದು ದಿನಕ್ಕೊಮ್ಮೆ ಸ್ಪಂಜ್ ಬದಲಿಸಲೇಬೇಕು. ತಡವಾದರೆ ಮಾಂಸ ಸ್ಪಂಜಿನೊಳಗೆ ಬೆಳೆದು ಎಳೆಯುವಾಗ ಹರಿದು ರಕ್ತ ಬರುತ್ತದೆ. ತೆಗೆಯುವ ಮುನ್ನ ಹೀರುವುದನ್ನು ನಿಲ್ಲಿಸಿ, ನಳಿಕೆಯಲ್ಲಿ ಸಲೈನ್ ಬಿಟ್ಟು ಸಡಿಲಿಸಿಕೊಳ್ಳುವುದು ವಾಡಿಕೆ. ಫಲ ಚೆನ್ನಾಗಿದೆ, ಆದರೆ ಪ್ರತಿ ಬದಲಾವಣೆಗೂ ಅರಿವಳಿಕೆ, ವಾರಗಟ್ಟಲೆ ಆಸ್ಪತ್ರೆವಾಸ. ಎಲ್ಲರಿಗೂ ಒಗ್ಗುವುದಲ್ಲ.

ತೂತಿನ ಅಂಚುಗಳನ್ನು ಕಚ್ಚಿ ಹಿಡಿಯುವ ದೊಡ್ಡ ಕ್ಲಿಪ್‌ಗಳ ಬಗ್ಗೆ ನನಗೆ ಅಂಥ ಉತ್ಸಾಹವಿಲ್ಲ. ಹೊಸ ಗಾಯ, ಸಣ್ಣ ತೂತು, ಮೆತ್ತನೆಯ ಅಂಚು ಇದ್ದರೆ ಸರಿ. ಹಳೆಯ, ಗಡುಸಾದ ಅಂಚನ್ನು ಅದು ಒಟ್ಟಿಗೆ ತರಲಾರದು. ವಿಫಲವಾದ ಕ್ಲಿಪ್ ತೂತಿನ ಬಾಯಲ್ಲೇ ಕೂತು ಮುಂದೆ ಪಿಗ್‌ಟೇಲ್ ಹಾಕಲೂ ಸೆಪ್ಟೋಟಮಿ ಮಾಡಲೂ ಅಡ್ಡಿಯಾಗುತ್ತದೆ. ಅಂಟುಗಳು ಒಂಟಿಯಾಗಿ ಅಷ್ಟಕ್ಕಷ್ಟೇ.

ಇನ್ನು ಇಕ್ಕಟ್ಟಿನ ವಿಷಯ. ಸ್ಲೀವ್‌ನಲ್ಲಿ ಅದು ಸಾಮಾನ್ಯವಾಗಿ ಜಠರ ಬಾಗುವ ಜಾಗದಲ್ಲಿ ಆಗುತ್ತದೆ. ಸ್ಟೇಪಲರ್ ತೀರಾ ಒಳಗೆ ಬಂದು ನಿಜವಾಗಿ ಕಿರಿದಾಗಿರಬಹುದು. ಅಥವಾ ಮುಂದಿನ ಗೋಡೆಯನ್ನು ಒಂದಷ್ಟು, ಹಿಂದಿನದನ್ನು ಇನ್ನೊಂದಷ್ಟು ಎಳೆದು ಸ್ಟೇಪಲ್ ಮಾಡಿದ್ದರಿಂದ ಕೊಳವೆ ತಿರುಚಿಕೊಂಡಿರಬಹುದು. ಎರಡನೆಯದು ಮೋಸಗಾರ. ಒಂಬತ್ತೋ ಹತ್ತೋ ಮಿ.ಮೀ. ದಪ್ಪದ ಸ್ಕೋಪ್ ಸ್ವಲ್ಪ ತಿರುಗಿಸಿದರೆ ಸಲೀಸಾಗಿ ದಾಟುತ್ತದೆ, ವರದಿಯಲ್ಲಿ ‘ಇಕ್ಕಟ್ಟಿಲ್ಲ’ ಎಂದು ಬರೆಯುತ್ತಾರೆ, ರೋಗಿ ಮಾತ್ರ ನೀರನ್ನೂ ವಾಂತಿ ಮಾಡುತ್ತಿರುತ್ತಾನೆ. ಸ್ಕೋಪ್ ದಾಟಿತೇ ಎಂದು ಕೇಳಿದರೆ ಸಾಲದು. ದಾಟಲು ಎಷ್ಟು ತಿರುಗಿಸಬೇಕಾಯಿತು, ಮೇಲೆ ಜೊಲ್ಲು ನಿಂತಿತ್ತೇ, ಕುಡಿದ ಕಾಂಟ್ರಾಸ್ಟ್ ಎಲ್ಲಿ ತಡೆಯಿತು ಎಂದು ಕೇಳಬೇಕು.

ಸ್ಕೋಪ್‌ನೊಳಗಿನಿಂದ ಹಾಕುವ 20 ಮಿ.ಮೀ.ವರೆಗಿನ ಬಲೂನು ತಿರುಚಿಗೆ ಸಾಲದು. ಅನ್ನನಾಳದ ಕೆಳತುದಿ ಸಡಿಲಗೊಳ್ಳದ ಕಾಯಿಲೆಯಾದ ಅಕಲೇಸಿಯಾಕ್ಕೆ ಬಳಸುವ 30 ಮಿ.ಮೀ. ಬಲೂನನ್ನು ಗಡುಸು ಗೈಡ್‌ವೈರ್ ಮೇಲೆ, ಎಕ್ಸ್-ರೇ ನೋಡುತ್ತ, ನಡುಭಾಗ ಬಾಗಿನ ಮೇಲೆ ಬರುವಂತೆ, ಕೆಳತುದಿ ಪೈಲೋರಸ್ ದಾಟದಂತೆ ಕೂರಿಸಿ ನಿಧಾನವಾಗಿ ಊದುತ್ತಾರೆ. ಇಕ್ಕಟ್ಟು ಒತ್ತಿದ ಕಡೆ ಮೂಡಿದ ಬಲೂನಿನ ಸೊಂಟ ಮಾಯವಾಗುವುದು ಪರದೆಯ ಮೇಲೆ ಕಾಣುತ್ತದೆ. ಒಂದೆರಡು ನಿಮಿಷ ಹಿಡಿದು ಬಿಡುತ್ತಾರೆ. ಕೆಲವು ವಾರ ಬಿಟ್ಟು, ಸಾಲದಿದ್ದರೆ 35, ಆಮೇಲೆ 40 ಮಿ.ಮೀ. ಒಮ್ಮೆಲೇ ದೊಡ್ಡದಕ್ಕೆ ಹಾರುವುದು, ಶಸ್ತ್ರಚಿಕಿತ್ಸೆಯಾಗಿ ಮೊದಲ ಕೆಲವೇ ವಾರಗಳಲ್ಲಿ ಹಸಿ ಸ್ಟೇಪಲ್ ಸಾಲನ್ನು ಹಿಗ್ಗಿಸುವುದು ಸೀಳುವಿಕೆಗೆ ಆಹ್ವಾನ. ಮೂರು ನಾಲ್ಕು ಸಲ ಮಾಡಿಯೂ ಫಲ ಕಾಣದಿದ್ದರೆ ಹಟ ಹಿಡಿಯದೆ ಬೈಪಾಸ್‌ಗೆ ಬದಲಿಸುವ ಮಾತು ಎತ್ತಬೇಕು.

ವಾಂತಿಯ ಜೊತೆ ಬರುವ ಇನ್ನೊಂದು ಅಪಾಯ ಸ್ಕೋಪ್‌ಗೆ ಕಾಣದು. ಥಯಾಮಿನ್, ಅಂದರೆ ಬಿ1 ಜೀವಸತ್ವ, ದೇಹದಲ್ಲಿ ಎರಡು ಮೂರು ವಾರಕ್ಕಾಗುವಷ್ಟೇ ಇರುತ್ತದೆ. ವಾರಗಟ್ಟಲೆ ವಾಂತಿ ಮಾಡಿದವರಿಗೆ ಗ್ಲೂಕೋಸ್ ಡ್ರಿಪ್ ಹಾಕುವ ಮೊದಲು ಥಯಾಮಿನ್ ಚುಚ್ಚುಮದ್ದು ಕೊಡಬೇಕು. ಹಾಗೆ ಮಾಡದಿದ್ದರೆ ಇದ್ದಷ್ಟೂ ಖರ್ಚಾಗಿ, ಕಣ್ಣುಗುಡ್ಡೆ ಅದುರುವುದು, ನಡಿಗೆ ತೂರಾಡುವುದು, ಗೊಂದಲ ಶುರುವಾಗಿ ಮೆದುಳಿಗೆ ಶಾಶ್ವತ ಹಾನಿಯಾಗಬಹುದು. ಬಲೂನ್ ಚಿಕಿತ್ಸೆಗೆ ದಿನ ನಿಗದಿಯಾಗುವವರೆಗೆ ಇದು ಕಾಯುವುದಿಲ್ಲ.

ಬೈಪಾಸ್‌ನ ಜೋಡಣೆ ಕಿರಿದಾಗುವುದು ಇದಕ್ಕಿಂತ ಸರಳ. ಮೊದಲ ಮೂರು ತಿಂಗಳೊಳಗೆ, ಮೊದಲು ಗಟ್ಟಿ ಆಹಾರ, ಆಮೇಲೆ ಮೆತ್ತನೆಯದು, ಕೊನೆಗೆ ನೀರೂ ಇಳಿಯದಂತಾಗುತ್ತದೆ. ಸ್ಕೋಪ್‌ನೊಳಗಿನ ಬಲೂನಿನಿಂದ 10 ಅಥವಾ 12 ಮಿ.ಮೀ.ಗೆ ಶುರುಮಾಡಿ, ಮೊದಲ ಸಲಕ್ಕೆ 15 ದಾಟದೆ, ಎರಡು ವಾರದ ಅಂತರದಲ್ಲಿ ಎರಡು ಮೂರು ಸಲ ಮಾಡಿದರೆ ಹೆಚ್ಚಿನವರಿಗೆ ಸಾಕು. ಇಲ್ಲಿ ಧಾರಾಳತನ ಬೇಡ. ಜೋಡಣೆ ತೀರಾ ಅಗಲವಾದರೆ ಆಹಾರ ಕರುಳಿಗೆ ಧುಮುಕಿ ಡಂಪಿಂಗ್ (ಉಂಡ ಮೇಲೆ ಬೆವರು, ತಲೆಸುತ್ತು, ಭೇದಿ) ಆಗುತ್ತದೆ, ಇಳಿದ ತೂಕವೂ ಮರಳುತ್ತದೆ. ಹಾಗಾದವರಿಗೆ ಜೋಡಣೆಯ ಬಾಯಿಯ ಸುತ್ತ ಆರ್ಗಾನ್ ಪ್ಲಾಸ್ಮಾದಿಂದ ಸುಟ್ಟು, ಬೇಕಿದ್ದರೆ ಒಳಗಿನಿಂದಲೇ ಸುತ್ತುಹೊಲಿಗೆ ಹಾಕಿ, 8ರಿಂದ 12 ಮಿ.ಮೀ.ಗೆ ಬಿಗಿಮಾಡುವ ವಿಧಾನವಿದೆ.

ಜೋಡಣೆಯ ಕರುಳಿನ ಅಂಚಿನಲ್ಲಿ ಏಳುವ ಹುಣ್ಣಿನಲ್ಲಿ ಎಂಡೋಸ್ಕೋಪಿಯ ಪಾತ್ರ ಕಡಿಮೆ, ಪತ್ತೆದಾರಿಕೆ ಹೆಚ್ಚು. ಧೂಮಪಾನ, ನೋವಿನ ಮಾತ್ರೆಗಳು, ಹೆಲಿಕೋಬ್ಯಾಕ್ಟರ್ ಎಂಬ ಜಠರದ ಬ್ಯಾಕ್ಟೀರಿಯ, ಹೊರಚಾಚಿದ ಹೊಲಿಗೆ ದಾರ, ಚೀಲಕ್ಕೂ ಆಹಾರದ ದಾರಿಯಿಂದ ಬೇರ್ಪಡಿಸಿ ಒಳಗೇ ಬಿಟ್ಟ ಜಠರಕ್ಕೂ ನಡುವೆ ಗುಟ್ಟಾಗಿ ತೆರೆದ ದಾರಿ, ಇವುಗಳಲ್ಲಿ ಯಾವುದೆಂದು ಹುಡುಕಬೇಕು. ದಾರ ಕಂಡರೆ ಸ್ಕೋಪ್‌ನ ಕತ್ತರಿಯಿಂದ ಕತ್ತರಿಸಿ ತೆಗೆಯಬೇಕು. ಆಮ್ಲ ತಗ್ಗಿಸುವ ಕ್ಯಾಪ್ಸೂಲನ್ನು ಬಿಚ್ಚಿ ಒಳಗಿನ ಕಾಳನ್ನು ನುಂಗಿಸಬೇಕು, ಏಕೆಂದರೆ ಪುಟ್ಟ ಚೀಲದಲ್ಲಿ ಕ್ಯಾಪ್ಸೂಲು ಕರಗುವಷ್ಟು ಹೊತ್ತು ನಿಲ್ಲುವುದಿಲ್ಲ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬಿಚ್ಚಿ ಕೊಟ್ಟವರ ಹುಣ್ಣು ಮಾಯಲು ಹಿಡಿದ ಮಧ್ಯಕ ಅವಧಿ 91 ದಿನ, ಇಡಿಯಾಗಿ ನುಂಗಿದವರದು 342 ದಿನ. ಕಾಸು ಖರ್ಚಿಲ್ಲದ ಇಂಥ ಉಪಾಯಗಳು ಈ ಕ್ಷೇತ್ರದಲ್ಲಿ ಅಪರೂಪ.

ಬೈಪಾಸ್ ಆದವರಿಗೆ ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೆ ಅಲ್ಲಿಗೆ ತಲುಪುವುದೇ ಸಮಸ್ಯೆ. ಕರುಳಿನ ಎರಡು ತೋಳು ಸುತ್ತಿ ಬಲೂನ್ ಎಂಟರೋಸ್ಕೋಪ್‌ನಲ್ಲಿ (ಬಲೂನಿನ ನೆರವಿನಿಂದ ಕರುಳಿನಲ್ಲಿ ಮುಂದೆ ಸಾಗುವ ಉದ್ದ ಸ್ಕೋಪ್) ಹೋಗಬಹುದು. ಎರಡೂ ಸೇರಿ 150 ಸೆಂ.ಮೀ. ದಾಟಿದರೆ ಯಶಸ್ಸು ಕುಗ್ಗುತ್ತದೆ. ಹೊಟ್ಟೆಯಲ್ಲಿ ಸಣ್ಣ ಗಾಯ ಮಾಡಿ ಬಿಟ್ಟ ಜಠರದೊಳಕ್ಕೆ ನೇರ ಸ್ಕೋಪ್ ಹಾಕುವುದು ಇನ್ನೊಂದು ದಾರಿ. ಮೂರನೆಯದರಲ್ಲಿ ಅಲ್ಟ್ರಾಸೌಂಡ್ ಸ್ಕೋಪ್‌ನಿಂದ ಚೀಲದೊಳಗಿಂದಲೇ ಬಿಟ್ಟ ಜಠರಕ್ಕೆ 19 ಗೇಜ್ ಸೂಜಿ ಚುಚ್ಚಿ, ದ್ರವ ತುಂಬಿ ಹಿಗ್ಗಿಸಿ, 15 ಅಥವಾ 20 ಮಿ.ಮೀ. ಅಗಲದ ಎರಡು ಕಿವಿಯ ಲೋಹದ ಸ್ಟೆಂಟ್ ಕೂರಿಸುತ್ತಾರೆ. ತುರ್ತಿಲ್ಲದಿದ್ದರೆ ಎರಡರಿಂದ ನಾಲ್ಕು ವಾರ ಕಾದು, ದಾರಿ ಗಟ್ಟಿಯಾದ ಮೇಲೆ ಅದರ ಮೂಲಕ ಪಿತ್ತನಾಳಕ್ಕೆ ಹೋಗುತ್ತಾರೆ. ಅಂದೇ ನುಗ್ಗಿದರೆ ಸ್ಟೆಂಟ್ ಕಳಚಿ ಎರಡು ತೂತು ಬಾಯ್ತೆರೆದುಕೊಳ್ಳುವ ಭಯ. ಕೆಲಸ ಮುಗಿದು ಸ್ಟೆಂಟ್ ತೆಗೆದ ಮೇಲೆ ದಾರಿ ಮುಚ್ಚಿತೇ ಎಂದು ಕಾಂಟ್ರಾಸ್ಟ್ ಕುಡಿಸಿ ನೋಡುವುದನ್ನು ಮರೆಯುವಂತಿಲ್ಲ. ತೆರೆದೇ ಉಳಿದರೆ ಬೈಪಾಸ್ ಬೈಪಾಸಾಗಿ ಉಳಿಯದು.

ಈಗ ಕಡಿಮೆಯಾಗಿರುವ, ಜಠರದ ಮೇಲ್ಭಾಗಕ್ಕೆ ಸುತ್ತಿ ಬಿಗಿ ಹೊಂದಿಸುವ ಬ್ಯಾಂಡ್ ವಿಷಯ ಹೇಳದಿದ್ದರೆ ಆಗದು, ಹಾಕಿಸಿಕೊಂಡವರು ಇನ್ನೂ ಬರುತ್ತಿರುತ್ತಾರೆ. ಕೆಲವರಲ್ಲಿ ವರ್ಷಗಳ ಮೇಲೆ ಬ್ಯಾಂಡ್ ಜಠರದ ಗೋಡೆ ಕೊರೆದು ಒಳಬರುತ್ತದೆ. ನೋವಿಲ್ಲದೆಯೇ ಆಗುವುದರಿಂದ ಮೊದಲ ಲಕ್ಷಣ ತೂಕ ಮರಳುವುದೋ ಬ್ಯಾಂಡಿನ ಬಿಗಿ ಹೊಂದಿಸಲು ಚರ್ಮದ ಕೆಳಗೆ ಇಟ್ಟ ಪೋರ್ಟ್ ಜಾಗದಲ್ಲಿ ಕೀವಾಗುವುದೋ ಆಗಿರಬಹುದು. ಸ್ಕೋಪ್ ಹಿಂದಕ್ಕೆ ಬಾಗಿಸಿ ನೋಡಿದಾಗ ಅರ್ಧಕ್ಕಿಂತ ಹೆಚ್ಚು ಭಾಗ, ಮುಖ್ಯವಾಗಿ ಬಕಲ್, ಒಳಗೆ ಕಂಡರೆ ಬಾಯಿಂದಲೇ ತೆಗೆಯಬಹುದು. ಗೈಡ್‌ವೈರನ್ನು ಬ್ಯಾಂಡ್ ಸುತ್ತ ಹಾಕಿ ಎರಡೂ ತುದಿ ಬಾಯಿಂದ ಹೊರತಂದು, ಕಲ್ಲು ಪುಡಿಮಾಡುವ ಲಿಥೋಟ್ರಿಪ್ಟರ್ ಹಿಡಿಗೆ ಸೇರಿಸಿ ಬಿಗಿಯುತ್ತ ಹೋದರೆ ತಂತಿಯೇ ಬ್ಯಾಂಡನ್ನು ಕೊಯ್ಯುತ್ತದೆ. ಪೋರ್ಟ್ ಮತ್ತು ಅದರ ನಳಿಕೆಯನ್ನು ಚರ್ಮದ ಕಡೆಯಿಂದ ಕತ್ತರಿಸಿ ಬಿಡಿಸಿಕೊಂಡ ಮೇಲೆ ಕುಣಿಕೆ ಹಾಕಿ ಬಾಯಿಂದ ಎಳೆಯುತ್ತಾರೆ. ಬಕಲ್ ಇನ್ನೂ ಹೊರಗಿದ್ದರೆ ಎಳೆಯಬಾರದು. ಸೋಂಕು ಹಿಡಿತದಲ್ಲಿದ್ದರೆ ಕೆಲವು ತಿಂಗಳು ಬಿಟ್ಟು ಮತ್ತೆ ನೋಡಿದರೆ ಅದು ತಾನೇ ಇನ್ನಷ್ಟು ಒಳಗೆ ಬಂದಿರುತ್ತದೆ. ತೆಗೆದ ಮೇಲೆ ಎಕ್ಸ್-ರೇಯಲ್ಲಿ ವಪೆಯ ಕೆಳಗೆ ಒಂದಿಷ್ಟು ಗಾಳಿ ಕಂಡರೆ ಗಾಬರಿಯಿಂದ ಹೊಟ್ಟೆ ತೆರೆಯಲು ಓಡಬೇಕಿಲ್ಲ. ಹೊಟ್ಟೆ ಮೆತ್ತಗಿದ್ದು, ನಾಡಿ ಏರದೆ, ಕಾಂಟ್ರಾಸ್ಟ್ ಹೊರಚೆಲ್ಲದಿದ್ದರೆ ಕಾದು ನೋಡಬಹುದು.